ಕಿವಿಗೆ ಸೌಟು ಹಚ್ಚಿ ಮೀನಿನ ತೊಟ್ಟಿ ಕೇಳುವ ಬದ್ರಿಯಾ

ಬೆಳಗಿನ ಐದೂಕಾಲು. ಓಣಿಯ ಮೂಲೆಯ ಜನರೇಟರು ಈಗಷ್ಟೇ ಬಾಯಿ ಮುಚ್ಚಿದೆ. ಇನ್ನೊಂದು ಗಂಟೆ ಸರ್ಕಾರದ ಕರೆಂಟು. ಬಾಗ್ದಾದಿನ ಫದ್ಲ್ ಪೇಟೆಯಲ್ಲಿ ಸಣ್ಣದೊಂದು ಸದ್ದನ್ನು ಕೇಳಿಸಿಕೊಳ್ಳಲು ಸಿಗುವ ಹೊತ್ತು ಇದೊಂದೇ. ಅಡುಗೆಮನೆಯ ನೆಲದ ಮೇಲೆ ಬದ್ರಿಯಾ ಕಾಲು ಮಡಚಿ ಕೂತಿದ್ದಾರೆ. ಮುಂದೆ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು, ನೀರೊಳಗೆ ನಿಂಬೆಹಣ್ಣಿನಷ್ಟು ದಪ್ಪದ ಮೋಟಾರು. ಮರದ ಸೌಟಿನ ತುದಿಯನ್ನು ಮೋಟಾರಿಗೆ ತಾಗಿಸಿ ಅದರ ಹಿಡಿಯನ್ನು ಬಲಗಿವಿಗೆ ಒತ್ತಿಕೊಂಡಿದ್ದಾರೆ. ಎಡಗಿವಿಯಲ್ಲಿ ಮೊಬೈಲು.

ಮೊಬೈಲಿನಲ್ಲಿ ಟಿರ್ರ್, ಟಿರ್ರ್ ಎಂದು ಸದ್ದು ಬರುತ್ತಿದೆ. ಸೌಟಿನಲ್ಲಿ ಏನೂ ಇಲ್ಲ. ಮೊಬೈಲಿನಲ್ಲಿ ಅರಚುತ್ತಿರುವುದೂ ಇದೇ ಮೋಟಾರು. ಸೋಮವಾರ ಸಂಜೆ ಅದು ಗಿರಾಕಿಯೊಬ್ಬರ ಮನೆಯ ತೊಟ್ಟಿಯಲ್ಲಿದ್ದಾಗ ಅಲ್ಲಿಯ ಹುಡುಗಿ ರೆಕಾರ್ಡ್ ಮಾಡಿ ಕಳಿಸಿದ್ದು.

ಬದ್ರಿಯಾ ಸೌಟು ಕೆಳಗಿಡುತ್ತಾರೆ. ಮತ್ತೆ ಎತ್ತಿಕೊಂಡು ಕಿವಿ ಬದಲಾಯಿಸುತ್ತಾರೆ. ಜ್ವರ ಬಂದ ಮಗುವಿನ ಹಣೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡುವ ಹಾಗೆ. "ಇದು ತಗಡಿನ ಸದ್ದು. ಇದರೊಳಗೆ ತಗಡೇ ಇಲ್ವಲ್ಲ. ಪ್ಲಾಸ್ಟಿಕ್ಕಿನ ಪುಟ್ಟ ಫ್ಯಾನು, ಒಂದು ಅಯಸ್ಕಾಂತ, ಅಷ್ಟೇ," ಎನ್ನುತ್ತಾರೆ. ಸೌಟನ್ನು ನೀರಿಂದ ತೆಗೆದು, "ನಂಗೆ ವಯಸ್ಸಾಯ್ತೋ, ಇದಕ್ಕೆ ಹುಚ್ಚು ಹಿಡೀತೋ, ಒಂದೂ ತಿಳೀತಿಲ್ಲ."

ಅವರಿಗೀಗ ಐವತ್ತೆಂಟು. ಮನೆಗಳ ಬೈಠಕ್ ಖಾನೆಯಲ್ಲಿ ಇರುವ ಮೀನಿನ ತೊಟ್ಟಿಗಳ ಫಿಲ್ಟರ್ ರಿಪೇರಿ ಅವರ ಕಸುಬು. ಅಂಗಡಿಯಿಲ್ಲ, ಬೋರ್ಡಿಲ್ಲ. ಹೆಗಲಿಗೊಂದು ಕ್ಯಾನ್ವಾಸ್ ಚೀಲ, ಅದರಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ಗಳು, ಸ್ಪಂಜಿನ ತುಂಡುಗಳು, ಒಂದು ಬಾಟಲಿ ಖರ್ಜೂರದ ವಿನಿಗರ್. ಇಲ್ಲಿನ ಗಡಸು ನೀರು ಮೋಟಾರಿನೊಳಗೆ ಸುಣ್ಣ ಕಟ್ಟುತ್ತದೆ, ಸುಣ್ಣ ಕಟ್ಟಿದ ಮೋಟಾರು ಗೊರಕೆ ಹೊಡೆಯುತ್ತದೆ. ದಿನಕ್ಕೆ ನಾಲ್ಕೈದು ಮನೆ, ಆರು ಬಸ್ಸು, ನಲವತ್ತು ಬಕೆಟ್ ನೀರು. ವಾಡಿಕೆಯ ತೊಟ್ಟಿಗಳು ಒಟ್ಟು ಇಪ್ಪತ್ತೆಂಟು.

ಪೇಟೆಯವರಿಗೆ ಅವರು ಉಮ್ಮ್ ಗಾಯಿಬ್. ಮಕ್ಕಳಾದವರನ್ನು ಹಿರಿಮಗನ ಹೆಸರಿಗೆ ಉಮ್ಮ್ (ತಾಯಿ), ಅಬು (ತಂದೆ) ಎಂದು ಸೇರಿಸಿ ಕರೆಯುವ ಊರಿದು. ಮಕ್ಕಳಿಲ್ಲದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು 'ಇನ್ನೂ ಬಾರದವನ ತಾಯಿ' ಎನ್ನುತ್ತಾರೆ. "ಮೊದಮೊದಲು ಹೊಟ್ಟೆ ಉರೀತಿತ್ತು. ಈಗ ಯಾರಾದ್ರೂ ಬದ್ರಿಯಾ ಅಂದ್ರೆ ತಿರುಗಿ ನೋಡೋದೇ ಮರೆತುಹೋಗುತ್ತೆ," ಎಂದು ನಗುತ್ತಾರೆ. ಗಂಡ ಶಾಕಿರ್ ಶುಕ್ರವಾರದ ಸಂತೆಯಲ್ಲಿ ಸಾಕುವ ಮೀನು ಮಾರುತ್ತಿದ್ದರು. ಗಿರಾಕಿಗಳು ತಂದ ಕೆಟ್ಟ ಮೋಟಾರುಗಳನ್ನು ಮನೆಯಲ್ಲಿ ಬಿಚ್ಚಿ ತೊಳೆಯುತ್ತಿದ್ದವರು ಇವರು. ಒಂಬತ್ತು ವರ್ಷದ ಹಿಂದೆ ಗಂಡ ತೀರಿಕೊಂಡಾಗ ಅಂಗಡಿ ಮೈದುನರ ಪಾಲಾಯಿತು, ಚೀಲ ಇವರಿಗೆ ಉಳಿಯಿತು. ಹಗಲಲ್ಲಿ ಮನೆಯಲ್ಲಿರುವವರು ಹೆಂಗಸರೇ. ಗಂಡಸು ಮೆಕ್ಯಾನಿಕ್‌ನನ್ನು ಒಳಗೆ ಕರೆಯುವುದು ಕಷ್ಟ. ಬದ್ರಿಯಾ ಹಿತ್ತಿಲ ಬಾಗಿಲಿಂದ ಬಂದು, ಕೆಲಸ ಮುಗಿಸಿ, ಅಡುಗೆಮನೆಯಲ್ಲಿ ಚಹಾ ಕುಡಿದು ಹೋಗುತ್ತಾರೆ. ಸಂಜೆ ಬರುವ ಗಂಡಸರಿಗೆ ತೊಟ್ಟಿ ಸುಮ್ಮನಾಗಿರುವುದು ಮಾತ್ರ ಗೊತ್ತು.

ಈ ವಾರ ಅವರ ನಿದ್ದೆ ಕೆಡಿಸಿರುವುದು ಆದಮಿಯಾ ಬಡಾವಣೆಯ ಉಮ್ಮ್ ಲೈತ್ ಅವರ ಮನೆ. ಇಂದು ಗುರುವಾರ, ನಾಲ್ಕು ಗಂಟೆಗೆ ಆ ಮನೆಯ ಮಗಳು ರಫಲ್‌ಳನ್ನು ಕೇಳಲು ಗಂಡಿನ ಕಡೆಯ ಹಿರಿಯರು ಬರುತ್ತಾರೆ. ಬಂದವರ ಮುಂದೆ ಕಾಫಿ ಇಡುತ್ತಾರೆ, ಯಾರೂ ಮುಟ್ಟುವುದಿಲ್ಲ. ಹಿರಿಯರೊಬ್ಬರು ಮಾತೆತ್ತಿ, ಹುಡುಗಿಯ ತಂದೆ ಒಪ್ಪಿದ ಮೇಲೆಯೇ ತುಟಿಗೆ ಬಟ್ಟಲು. ನಡುವೆ ಇರುವುದು ಮೌನ. ಆ ಮೌನದೊಳಗೆ ಟಿರ್ರ್ ಎಂದರೆ?

ತಂದೆ ಅಬು ಲೈತ್ ಖಡಾಖಂಡಿತವಾಗಿ ಹೇಳಿದ್ದಾರೆ: "ಹಿರಿಯರು ಮಾತಾಡುವಾಗ ಈ ತೊಟ್ಟಿ ಹಲ್ಲು ಕಡಿಯೋದು ಬೇಡ. ಗುರುವಾರ ಮಧ್ಯಾಹ್ನದೊಳಗೆ ಸರಿಹೋಗದಿದ್ರೆ ನೀರು ಚರಂಡಿಗೆ, ಮೀನು ಸಂತೆಗೆ." ರಫಲ್ ಆ ಮೀನುಗಳನ್ನು ಆರು ವರ್ಷದಿಂದ ಸಾಕಿದ್ದಾಳೆ. ಒಂದು ಗಂಟೆ ಆಫ್ ಮಾಡೋಣವೆಂದರೆ ಈ ಸೆಖೆಯಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಬದ್ರಿಯಾ ಪಾಲಿಗೂ ಇದು ಸಣ್ಣ ಮಾತಲ್ಲ. ಅವರ ಇಪ್ಪತ್ತೆಂಟು ತೊಟ್ಟಿಗಳಲ್ಲಿ ಹನ್ನೊಂದು ಆ ಬೀದಿಯವು, ಎಲ್ಲವೂ ಉಮ್ಮ್ ಲೈತ್ ಬಾಯಿಮಾತಿನಿಂದ ಸಿಕ್ಕಿದವು. ಇದೇ ತೊಟ್ಟಿಯ ಮುಂದೆ ಸೋತರೆ ಉಳಿದ ಹತ್ತು ಮನೆಯವರು ಏನೆನ್ನುತ್ತಾರೆ?

ಸೋಮವಾರ ಬೆಳಿಗ್ಗೆ ಈ ದೂರು ಕೇಳಿ ಮೊದಲ ಸಲ ಹೋದಾಗ ತೊಟ್ಟಿ ಸದ್ದಿಲ್ಲದೆ ನಡೆಯುತ್ತಿತ್ತು. ಆದರೂ ಬಿಚ್ಚಿದರು, ವಿನಿಗರಿನಲ್ಲಿ ತೊಳೆದರು, ಮಗುವಿನ ತಲೆಗೂದಲು ಹಿಂಡುವ ಹಾಗೆ ಸ್ಪಂಜನ್ನು ಮೆತ್ತಗೆ ಹಿಂಡಿದರು. ಸಂಜೆ ರಫಲ್‌ಳ ರೆಕಾರ್ಡಿಂಗ್ ಬಂತು. ಮಂಗಳವಾರ ಹೊಸ ಮೋಟಾರು ಹಾಕಿ ಹಳೆಯದನ್ನು ಮನೆಗೆ ತಂದರು. ಸಂಜೆ ಮತ್ತೊಂದು ರೆಕಾರ್ಡಿಂಗ್, ಅದೇ ಟಿರ್ರ್. ಬುಧವಾರ ಹೋಗಿ ಎರಡು ಗಂಟೆ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಸರ್ಕಾರದ ಕರೆಂಟು ಹೋಗಿ ಜನರೇಟರಿನದು ಬಂತು; ಅದೂ ಹೋಗಿ ಮತ್ತೆ ಸರ್ಕಾರದ್ದೇ ಬಂತು. ನೀರು ಇಳಿಸಿ ನೋಡಿದರು, ಏರಿಸಿ ನೋಡಿದರು. ಮೇಜಿನ ಕಾಲಿಗೆ ರಟ್ಟು ಕೊಟ್ಟರು. ತೊಟ್ಟಿ ಮಾತ್ರ ಉಪವಾಸದ ಮುದುಕನಂತೆ ಗಪ್‌ಚುಪ್.

"ನಿನ್ನ ಮುಖ ಕಂಡ್ರೆ ಬಾಯಿ ಮುಚ್ಕೊಳ್ಳುತ್ತೆ ನೋಡು," ಎಂದಿದ್ದರು ಉಮ್ಮ್ ಲೈತ್. "ನನ್ನ ಲೈತ್ ಹೀಗೇ. ರಾತ್ರಿಯೆಲ್ಲಾ ಕೆಮ್ಮೋನು, ಡಾಕ್ಟ್ರ ಮುಂದೆ ಕೂರ್ಸಿದ್ರೆ ರಾಜಕುಮಾರ."

"ನಾನು ಹೋದ ಮೇಲೆ ಏನಾದ್ರೂ ಬದಲಾಯಿಸ್ತೀರಾ ಇಲ್ಲಿ?"

"ಏನು ಬದಲಾಯಿಸೋಣ, ನನ್ನ ಕಣ್ಣೇ? ಇದ್ದಂಗೇ ಇರುತ್ತೆ."

"ಖಾಲಾ, ನೀವೇ ಇಲ್ಲಿ ಇದ್ದುಬಿಡಿ. ಸದ್ದು ಬರೋದೇ ಇಲ್ಲ," ಎಂದು ರಫಲ್ ತಮಾಷೆ ಮಾಡಿದ್ದಳು. ನಗುವಾಗಲೂ ಅವಳ ಕಣ್ಣು ಮೀನುಗಳ ಮೇಲೇ ಇತ್ತು.

ಆ ತಮಾಷೆ ಬದ್ರಿಯಾ ತಲೆಯಲ್ಲಿ ಮುಳ್ಳಿನಂತೆ ನಿಂತಿದೆ. ಈಗ ಒಂಬತ್ತರ ಬಸ್ಸಿನಲ್ಲಿ ಕಿಟಕಿಗೆ ತಲೆಯೊರಗಿಸಿ ಅದನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದಾರೆ. ತಾನಿದ್ದರೆ ಸದ್ದಿಲ್ಲ, ತಾನಿಲ್ಲದಿದ್ದರೆ ಇದೆ. ಹಾಗಾದರೆ ಕೆಟ್ಟಿರುವುದು ಮೋಟಾರಲ್ಲ. ತಾನು ಬಂದಾಗ ಆ ಮನೆಯಲ್ಲಿ ಏನೋ ಆಗುತ್ತದೆ. ಏನು? ಬಾಗಿಲು ತೆಗೆಯುತ್ತಾರೆ, ಸಲಾಂ ಹೇಳುತ್ತಾರೆ, ಒಳಗೆ ಬಿಡುತ್ತಾರೆ. ಎಷ್ಟು ಹುಡುಕಿದರೂ ಅದರಾಚೆ ಏನೂ ಕಾಣುವುದಿಲ್ಲ. ತಾನು ಬರುವ ಮೊದಲು ಏನಾಗುತ್ತದೆ ಎಂಬುದು ತನಗೆ ಹೇಗೆ ಗೊತ್ತಾಗಬೇಕು?

ಬಸ್ಸಿಳಿದ ಬದ್ರಿಯಾ ಬೀದಿ ತುದಿಯ ಬೇಕರಿಯಲ್ಲಿ ನಿಲ್ಲುತ್ತಾರೆ. ಒಂದು ಡಬ್ಬಿ ಖರ್ಜೂರದ ಕ್ಲೇಚಾ ಬಿಸ್ಕತ್ತು ಕಟ್ಟಿಸಿಕೊಂಡು, "ಈ ಚೀಲ ಇಲ್ಲೇ ಇರ್ಲಿ," ಎನ್ನುತ್ತಾರೆ. ಹಿಟ್ಟಿನ ಕೈಯ ಬೇಕರಿಯವನು ಹುಬ್ಬೇರಿಸುತ್ತಾನೆ. ಒಂಬತ್ತು ವರ್ಷದಲ್ಲಿ ಆ ಹೆಗಲು ಬರಿದಾಗಿರುವುದನ್ನು ಅವನು ನೋಡಿಲ್ಲ.

ಬದ್ರಿಯಾ ಹಿತ್ತಿಲಿಗೆ ಹೋಗುವುದಿಲ್ಲ. ಮುಂಬಾಗಿಲ ಗಂಟೆ ಒತ್ತುತ್ತಾರೆ.

"ಯಾಕಮ್ಮಾ ಈ ಕಡೆಯಿಂದ?" ಉಮ್ಮ್ ಲೈತ್ ಕೈಯಲ್ಲಿ ಪೊರಕೆ. "ಚೀಲ ಎಲ್ಲಿ?"

"ಬೇಕರಿಯಲ್ಲಿದೆ. ಇವತ್ತು ರಿಪೇರಿಗೆ ಬಂದಿಲ್ಲ ನಾನು. ನೆಂಟಳಾಗಿ ಬಂದಿದೀನಿ."

"ನಾಲ್ಕು ಗಂಟೆಗೆ ಗಂಡಿನ ಕಡೆಯೋರು ಬಂದು ಕೂರ್ತಾರೆ. ಇನ್ನೂ ಅಕ್ಕಿ ಆರಿಸಿಲ್ಲ, ಮಗಳ ತಲೆಯೆಲ್ಲಾ ಕ್ಲಿಪ್ಪು. ನಿಂಗೆ ಈಗ ನೆಂಟಸ್ತನದ ಹುಚ್ಚು ಹಿಡೀತಾ?"

"ಹುಚ್ಚೇ ಅಂದ್ಕೋ. ನೆಂಟರು ಬಂದ್ರೆ ಏನೇನು ಮಾಡ್ತೀಯೋ ಅದಷ್ಟೂ ಮಾಡು, ಒಂದೂ ಬಿಡ್ಬೇಡ. ಸದ್ದು ಬರದಿದ್ರೆ ನಾನೇ ನೀರು ಹೊರಗೆ ಸುರಿದು ಹೋಗ್ತೀನಿ."

ಉಮ್ಮ್ ಲೈತ್ ನಿಟ್ಟುಸಿರು ಬಿಟ್ಟು ದಾರಿ ಬಿಡುತ್ತಾರೆ. ಬದ್ರಿಯಾ ಚಪ್ಪಲಿ ಕಳಚಿ, ಅಂಗಾಲು ಒರೆಸಿಕೊಂಡು, ಬೈಠಕ್ ಖಾನೆಯ ಉದ್ದನೆಯ ಸೋಫಾದ ಅಂಚಿನಲ್ಲಿ ಕೂರುತ್ತಾರೆ. ಇನ್ನೂ ಹಿಂದಕ್ಕೆ ಕೂತ್ಕೋ ಎಂದು ಉಮ್ಮ್ ಲೈತ್ ಗದರಿದ ಮೇಲೆ ಬೆನ್ನು ಒರಗಿಸುತ್ತಾರೆ. ಈ ಕೋಣೆಯನ್ನು ಇಷ್ಟು ಎತ್ತರದಿಂದ ಅವರು ನೋಡಿದ್ದೇ ಇಲ್ಲ. ಕೈಗಳನ್ನು ಎಲ್ಲಿಡಬೇಕೋ ತೋಚದೆ ಮೊಣಕಾಲ ಮೇಲಿಡುತ್ತಾರೆ, ಆಮೇಲೆ ತೊಡೆಯ ಮೇಲೆ. ಎದುರಿಗೆ ತೊಟ್ಟಿ, ಎಂದಿನಂತೆ ಸುಮ್ಮನೆ.

ಉಮ್ಮ್ ಲೈತ್ ಪರದೆ ಸರಿಸುತ್ತಾರೆ. ಕೂಲರ್ ಹಾಕುತ್ತಾರೆ. ಏನೂ ಇಲ್ಲ. ಧೂಪ ಹಚ್ಚುತ್ತಾರೆ. ಏನೂ ಇಲ್ಲ. ಬದ್ರಿಯಾ ಮುಖ ಸಣ್ಣದಾಗುತ್ತದೆ. ಅಷ್ಟರಲ್ಲಿ ರಫಲ್ ಅಡುಗೆಮನೆಯಿಂದ ಉಜ್ಜಿ ತೊಳೆದ ನಾಲ್ಕು ಹಿತ್ತಾಳೆಯ ಕಾಫಿ ಹೂಜಿಗಳನ್ನು ಹೊತ್ತು ತಂದು, ತೊಟ್ಟಿಯ ಮರದ ಮುಚ್ಚಳದ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸುತ್ತಾಳೆ.

ಟಿರ್ರ್.

ಮೂವರೂ ತೊಟ್ಟಿಯತ್ತ ತಿರುಗುತ್ತಾರೆ.

"ಈ ಹೂಜಿಗಳು ಇಷ್ಟು ದಿನ ಎಲ್ಲಿದ್ವು?" ಬದ್ರಿಯಾ ದನಿ ತೀರಾ ಮೆಲ್ಲಗಿದೆ.

"ಎಲ್ಲಿರುತ್ವೆ, ಇಲ್ಲೇ. ನಮ್ಮತ್ತೆಯ ಹೂಜಿಗಳು. ಮೂಲೆಯ ಕಪಾಟು ಮುರಿದಾಗಿಂದ, ಅಂದ್ರೆ ಹೋದ ವಾರದಿಂದ ಇಲ್ಲೇ ಇಟ್ಟಿದೀವಿ."

"ನಾನು ಒಂದು ದಿನಾನೂ ನೋಡ್ಲಿಲ್ವಲ್ಲ."

"ನೀನು ಬರೋ ಹೊತ್ತಿಗೆ ತೆಗೆದಿಡ್ತೀನಿ. ಕೆಲಸ ಮಾಡೋಳಿಗೆ ಜಾಗ ಬೇಡ್ವಾ? ಅಷ್ಟೂ ಮರ್ಯಾದೆ ಗೊತ್ತಿಲ್ದೋಳಾ ನಾನು?" ಎಂದು ಹೇಳುತ್ತಾ ಹೇಳುತ್ತಾ ಉಮ್ಮ್ ಲೈತ್ ತಮ್ಮ ಮಾತನ್ನು ತಾವೇ ಕೇಳಿಸಿಕೊಳ್ಳುತ್ತಾರೆ. ಪೊರಕೆ ಕೈಯಿಂದ ಜಾರುತ್ತದೆ.

ಬದ್ರಿಯಾ ಎದ್ದು ಹೂಜಿಗಳ ಮೇಲೆ ಒಂದೊಂದಾಗಿ ಅಂಗೈ ಇಡುತ್ತಾರೆ. ಮೊದಲನೆಯದು, ಎರಡನೆಯದು. ಮೂರನೆಯದನ್ನು ಮುಟ್ಟಿದ ಕೂಡಲೇ ಸದ್ದು ಅರ್ಧವಾಗುತ್ತದೆ, ಇನ್ನೊಂದು ಕೈ ನಾಲ್ಕನೆಯದಕ್ಕೂ ತಾಗಿದಾಗ ಪೂರ್ತಿ ಅಡಗುತ್ತದೆ. ಹೂಜಿಗಳಿಗೆ ಕೀಲು ಸಡಿಲಾದ ಪುಟ್ಟ ಮುಚ್ಚಳಗಳು. ಕೈಗೂ ತಿಳಿಯದಷ್ಟು ಸಣ್ಣದಾಗಿ ನಡುಗುವ ಮೋಟಾರು ಮರದ ಮೂಲಕ ಅವನ್ನು ಕುಣಿಸುತ್ತಿತ್ತು. ಬದ್ರಿಯಾ ನಗುವುದಿಲ್ಲ. ಕೈ ತೆಗೆದು, ಮತ್ತೆ ಇಟ್ಟು, ಮತ್ತೆ ತೆಗೆದು ನೋಡುತ್ತಾರೆ. "ಮೂರು ದಿನ," ಎನ್ನುತ್ತಾರೆ. "ಮೂರು ದಿನ ಈ ಪಾಪದ ಮೋಟಾರಿನ ಹೊಟ್ಟೆ ಬಗೆದೆನಲ್ಲೇ." ಮೊದಲು ನಗುವವಳು ರಫಲ್, ತಲೆಯ ಕ್ಲಿಪ್ಪುಗಳು ಉದುರುವಷ್ಟು.

ಬೇಕರಿಯಿಂದ ಚೀಲ ಬರುತ್ತದೆ. ಬದ್ರಿಯಾ ಹಳೆಯ ಫಿಲ್ಟರ್ ಸ್ಪಂಜಿನಿಂದ ನಾಲ್ಕು ದುಂಡನೆ ಬಿಲ್ಲೆ ಕತ್ತರಿಸಿ ಹೂಜಿಗಳ ಅಡಿಗಿಡುತ್ತಾರೆ, ಮುಚ್ಚಳದ ಕೀಲುಗಳಿಗೆ ನೂಲು ಸುತ್ತುತ್ತಾರೆ. ಹೊಸ ಮೋಟಾರನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಅದರಲ್ಲೇ ತಂದಿದ್ದ ಹಳೆಯದನ್ನು ಕೂರಿಸುತ್ತಾರೆ. "ಅದಕ್ಕೇನೂ ಆಗಿರ್ಲಿಲ್ಲ," ಎಂದಷ್ಟೇ ಹೇಳುತ್ತಾರೆ. ಇನ್ನೆರಡು ಮನೆಗೆ ಹೋಗಬೇಕು ಎಂದು ಏಳುತ್ತಾರೆ. ಉಮ್ಮ್ ಲೈತ್ ಚೀಲವನ್ನೇ ಬಚ್ಚಿಡುತ್ತಾರೆ.

ನಾಲ್ಕು ಗಂಟೆ. ಅಡುಗೆಮನೆಯ ಅರೆತೆರೆದ ಬಾಗಿಲಿಗೆ ಹೆಂಗಸರೆಲ್ಲ ಕಿವಿ ಹಚ್ಚಿದ್ದಾರೆ. ಆಚೆ ಹದಿನೇಳು ಗಂಡಸರು, ಹದಿನೇಳು ಬಟ್ಟಲು ಕಾಫಿ. ಗಂಡಿನ ಕಡೆಯ ಹಿರಿಯರು ಮಾತು ಮುಗಿಸುತ್ತಾರೆ. ಅಬು ಲೈತ್ ಉತ್ತರಿಸಲು ತಡ ಮಾಡುತ್ತಾರೆ. ಮಗಳ ತಂದೆ ತಡ ಮಾಡಲೇಬೇಕು. ರಫಲ್ ತಾಯಿಯ ತೋಳು ಹಿಡಿದಿದ್ದಾಳೆ. ಬದ್ರಿಯಾ ಕಣ್ಣು ಮುಚ್ಚಿ ಆ ಮೌನವನ್ನು ಮೂಲೆಮೂಲೆಯಲ್ಲಿ ತಡಕುತ್ತಿದ್ದಾರೆ. ಎಲ್ಲೂ ಏನೂ ಸಿಗುವುದಿಲ್ಲ.

"ಕಾಫಿ ಕುಡೀರಿ," ಎನ್ನುವ ದನಿ ಬರುತ್ತದೆ. ಅಡುಗೆಮನೆಯಲ್ಲಿ ಹೆಂಗಸರು ಸಂಭ್ರಮಕ್ಕೆ ನಾಲಿಗೆ ಹೊರಳಿಸಿ ಕೂಗುತ್ತಾರೆ. ಬದ್ರಿಯಾ ಒಂದು ಕ್ಷಣ ತಡವಾಗಿ ದನಿ ಸೇರಿಸುತ್ತಾರೆ.

ಶರಬತ್ತಿನ ತಟ್ಟೆ ಒಯ್ಯಲು ಬಂದ ಅಬು ಲೈತ್ ಹಣೆಯ ಬೆವರು ಒರೆಸಿಕೊಂಡು ಹೆಂಡತಿಗೆ ಹೇಳುತ್ತಾರೆ: "ತೊಟ್ಟಿ ಆಫ್ ಮಾಡಿದ್ದು ಒಳ್ಳೇದಾಯ್ತು. ನನ್ನ ಮಾತು ಕೊನೆಗೂ ಒಬ್ರಾದ್ರೂ ಕೇಳಿದ್ರಲ್ಲ."

"ಆಫ್ ಎಲ್ಲಿ ಮಾಡಿದೀವಿ, ಬಾಬಾ?" ಎನ್ನುತ್ತಾಳೆ ರಫಲ್. "ಬೆಳಗ್ಗೆಯಿಂದ ಓಡ್ತಾನೇ ಇದೆ."

ಅವರು ನಂಬುವುದಿಲ್ಲ. ಬಾಗಿಲ ಸಂದಿಯಿಂದ ಇಣುಕುತ್ತಾರೆ. ನೀರು ಬೀಳುತ್ತಿದೆ, ಗುಳ್ಳೆಗಳು ಏಳುತ್ತಿವೆ, ಮೀನುಗಳು ತಮ್ಮ ಪಾಡಿಗೆ ತಿರುಗುತ್ತಿವೆ. ಹಿಂತಿರುಗಿದಾಗ ಅವರ ಮುಖದಲ್ಲಿ, ಮೂರು ದಿನ ಬದ್ರಿಯಾ ಮುಖದಲ್ಲಿದ್ದ ಅದೇ ಗಲಿಬಿಲಿ.

"ಹಾಗಾದ್ರೆ ಆ ಸದ್ದು ಎಲ್ಲಿಗೆ ಹೋಯ್ತು?"

ಬದ್ರಿಯಾ ತಟ್ಟೆಗೆ ಕೊನೆಯ ಲೋಟ ಇಟ್ಟು ಅವರ ಕೈಗೆ ಕೊಡುತ್ತಾರೆ.

"ಎಲ್ಲಿಗೂ ಹೋಗಿಲ್ಲ, ಅಬು ಲೈತ್. ಕೂತ್ಕೊಳ್ಳೋಕೆ ಮೆತ್ತಗೊಂದು ಜಾಗ ಬೇಕಿತ್ತು ಅದಕ್ಕೆ, ಕೊಟ್ವಿ. ಸುಮ್ನಾಯ್ತು."