ಅಣ್ಣನಿಗೆ ಹೇಳಿದ ‘ಚಾವ್’

ಒಣದ್ರಾಕ್ಷಿ ನೋಡಲು ಇಟಲಿಯಿಂದ ಒಬ್ಬ ವ್ಯಾಪಾರಿ ಬರುತ್ತಾನೆಂದು ತಿಕೋಟಾದ ದಲಾಲಿಯೊಬ್ಬ ಹೇಳಿದ. ನನ್ನಂಥವನಿಗೆ ಅಷ್ಟು ಸಾಕು. ಜೋರಾಪುರ ಪೇಟೆಯ ನನ್ನ ಒಣದ್ರಾಕ್ಷಿ ಅಂಗಡಿಯಲ್ಲಿ ಕೂತು, ಫೋನಿನಲ್ಲಿ ವಿಡಿಯೋ ನೋಡುತ್ತ ಇಡೀ ತಿಂಗಳು ಇಟಾಲಿಯನ್ ಕಲಿತೆ. ಕಲಿತದ್ದೆಷ್ಟು? ‘ಬುವೊನ್‌ಜೋರ್ನೊ’ ಅಂದರೆ ನಮಸ್ಕಾರ, ಅದು ಪರಿಚಯ ಕಡಿಮೆ ಇದ್ದವರಿಗೆ. ‘ಚಾವ್’ ನಮ್ಮವರಿಗೆ. ‘ಕೋಮೆ ಸ್ತಾಯ್’ ಅಂದರೆ ಹೇಗಿದ್ದೀ. ಇಷ್ಟಕ್ಕೇ ಗಲ್ಲಾದ ಹಿಂದೆ ಎದೆ ಉಬ್ಬಿಸಿ ಕೂಡತೊಡಗಿದೆ.

ಹೆಂಡತಿ ಒಂದೇ ಮಾತಿನಲ್ಲಿ ಗಾಳಿ ತೆಗೆದಳು. "ಬಬಲೇಶ್ವರದಾಗ ಖಾಸಾ ಅಣ್ಣ ಅದಾರ, ಅವರ ಜೋಡಿ ಮಾತ ಬಿಟ್ಟೀರಿ. ಇಟಲಿಯವನ ಜೋಡಿ ಏನ ಹರಟಿ ಹೊಡೀತೀರಿ?"

ನಿಜವೇ. ಹೊಸ ಮನೆಯ ವಾಸ್ತುಶಾಂತಿಗೆ ಊರೆಲ್ಲ ಸುತ್ತಿ ಕರೆದವನು, ಅಣ್ಣನಿಗೆ ಮಾತ್ರ ಫೋನಿನಲ್ಲೇ ಕಾರ್ಡು ಕಳಿಸಿದ್ದೆ. ಮನೆಯವನೇ ಅಲ್ಲವೇ ಎಂದುಕೊಂಡೆ. ಮನೆಗೆ ಬಂದು ಕುಂಕುಮ ಹಚ್ಚಿ ಕರೆಯಲಿಲ್ಲವೆಂದು ಅವನು ಬರಲಿಲ್ಲ. ಬರಲಿಲ್ಲವೆಂದು ನಾನು ಮಾತು ಬಿಟ್ಟೆ. ಮೊದಲು ಬಾಯಿ ತೆರೆದವನು ಸೋತಂತೆ ಎಂಬ ಹಟ ಇಬ್ಬರಿಗೂ. ಹೀಗೇ ಎರಡು ವರ್ಷ. ಅಣ್ಣನಿಲ್ಲದೆ ನನಗೆ ರೊಟ್ಟಿ ರುಚಿಸುತ್ತಿರಲಿಲ್ಲ. ತೂಕ ಮಾತ್ರ ಕಡಿಮೆಯಾಗಲಿಲ್ಲ.

ಇಟಲಿಯವನು ನಾಸಿಕದ ಕಡೆಗೇ ಮಾಲು ನೋಡಿ ತಿರುಗಿ ಹೋದನಂತೆ. ನನ್ನ ಚಾವ್ ಗಿರಾಕಿಯಿಲ್ಲದೆ ಉಳಿಯಿತು.

ಅಷ್ಟರಲ್ಲಿ ಅಣ್ಣನ ಮಗಳ ಕುಬಸ ಬಂತು. ಬಸುರಿಗೆ ಸೀರೆ ಉಡಿಸಿ ಉಡಿ ತುಂಬುವ ಕಾರ್ಯ, ಚಿಕ್ಕಪ್ಪ ತಪ್ಪಿಸುವಂತಿಲ್ಲ. ಅತ್ತಿಗೆ ತಾನೇ ಬಸ್ಸು ಹತ್ತಿ ಬಂದು ಕುಂಕುಮ ಹಚ್ಚಿ ಕರೆದಿದ್ದಳು. ಗಂಡ ಹೆಂಡತಿ ಹೊರಟೆವು. ಬಸ್ಸು ಸಾರವಾಡ ದಾಟುವಾಗ ನನಗೊಂದು ಘನಂದಾರಿ ಉಪಾಯ ಹೊಳೆಯಿತು. ಇಟಾಲಿಯನ್‌ನಲ್ಲಿ ಆಡಿದ್ದು ಮಾತಿನ ಲೆಕ್ಕಕ್ಕೆ ಬರುವುದಿಲ್ಲ! ಅಣ್ಣನನ್ನು ಮಾತಾಡಿಸಿದಂತೆಯೂ ಆಯಿತು, ಹಟ ಉಳಿದಂತೆಯೂ ಆಯಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿ ಪಕ್ಕದ ಸೀಟಿನವರನ್ನೂ ನೋಡಿ ನಕ್ಕೆ.

ಅಣ್ಣ ಬಾಗಿಲ ಕಟ್ಟೆಯ ಮೇಲೆ ಬೀಗರಿಗಾಗಿ ಅಡಿಕೆ ಕತ್ತರಿಸುತ್ತ ಕೂತಿದ್ದ. ಕೂದಲು ಇಷ್ಟು ಬೆಳ್ಳಗಾಗಿದ್ದು ನನಗೆ ಗೊತ್ತೇ ಇರಲಿಲ್ಲ. ನನ್ನನ್ನು ಕಂಡರೂ ತಲೆ ಎತ್ತಲಿಲ್ಲ. ಎದುರಿಗೆ ಹೋಗಿ ನಿಂತೆ.

"ಚಾವ್! ಕೋಮೆ ಸ್ತಾಯ್?"

ಅಡಕೊತ್ತು ನಿಂತಿತು.

"ಏನಂದಿಲೇ?"

ಮೊದಲು ಕನ್ನಡ ಆಡಿದವನು ಅವನೇ. ಗೆದ್ದೆ! ಹೆಂಡತಿಯ ಕಡೆ ತಿರುಗಿ ಮೀಸೆ ಮುಟ್ಟಿಕೊಳ್ಳಬೇಕೆಂದಿದ್ದೆ. ಆದರೆ ಅವನ ಬಾಯಿಂದ ಆ ‘ಲೇ’ ಕೇಳಿ ಎರಡು ವರ್ಷವಾಗಿತ್ತು. ಕೈ ಮೇಲೇಳಲಿಲ್ಲ.

"ಹೆಂಗದೀ ಅಂತ ಕೇಳಿದ್ನಿ" ಎಂದೆ.

ಅವನು ಅಡಿಕೆಯ ತಟ್ಟೆಯನ್ನು ಆಚೆಗಿಟ್ಟು, ಕಟ್ಟೆಯ ಮೇಲೆ ನನಗೆ ಜಾಗ ಬಿಟ್ಟು ಸರಿದು ಕೂತ.

"ಇಷ್ಟ ಕನ್ನಡದಾಗ ಕೇಳಾಕ ನಿನಗೇನ ಧಾಡಿ ಬಡದಿತ್ತು, ಎರಡ ವರ್ಷ?"