ಮಕ್ತುಮಬಿ ನುಂಗದ ಗುಳಿಗೆಗಳು

ಟಿಕೋಟಾ ಬಸ್ ನಿಲ್ದಾಣದ ಹಿಂದೆ ಗಾದಿ ಹೊಲಿಯುವ ಗೈಬುಸಾಬನಿಗೆ ಐವತ್ತೆಂಟು ವರ್ಷ. ತಾನು ತುಂಬಿದ ಹತ್ತಿ ಹತ್ತು ವರ್ಷ ಗಂಟು ಕಟ್ಟುವುದಿಲ್ಲವೆಂದು ಎದೆ ತಟ್ಟಿ ಹೇಳುವ ಮನುಷ್ಯ, ತಂಗಿ ಮಕ್ತುಮಬಿಯ ಮಾತು ಬಂದರೆ ಮಾತ್ರ ತಲೆ ತಗ್ಗಿಸುತ್ತಿದ್ದ. ಒಂದು ಕಾಲಕ್ಕೆ ಅಂಗಡಿಯ ಗಾದಿ-ದಿಂಬುಗಳಿಗೆ ಹೊದಿಸುವ ಗಲೀಫುಗಳನ್ನೆಲ್ಲ ಹೊಲಿಯುತ್ತಿದ್ದವಳು ಅವಳೇ. ಇಪ್ಪತ್ತಾರನೆಯ ವಯಸ್ಸಿಗೆ ಯಾರೂ ಇಲ್ಲದ ಕಡೆ ದನಿಗಳು ಕೇಳತೊಡಗಿದವು. ವಿಜಯಪುರದ ಆಸ್ಪತ್ರೆಯಲ್ಲಿ ಸ್ಕಿಜೋಫ್ರೇನಿಯಾ ಎಂದರು. ಗುಳಿಗೆಯಿಂದ ದನಿಗಳು ಅಡಗಿದವು. ಅವುಗಳ ಜೊತೆಗೆ ಅವಳ ಮಾತೂ ಅಡಗಿತು. ಐವತ್ತು ದಾಟಿದರೂ ಕೂತಲ್ಲೇ ಕೂತಿರುವಳು.

ಚಳಿಗಾಲದಲ್ಲಿ ಡಾಕ್ಟರ್ ವಿಶಾಖಾ ಹೊಸ ಔಷಧದ ಪ್ರಯೋಗದ ಸುದ್ದಿ ಹೇಳಿದರು.

"ಹಳೇ ಗುಳಿಗಿ ಡೋಪಮೈನ್ ಮ್ಯಾಲೆ ಕೆಲಸ ಮಾಡತಾವ್ರಿ. ಮೆದುಳಿನ್ಯಾಗ ಗ್ಲುಟಮೇಟ್ ಅಂತ ಇನ್ನೊಂದು ಐತಿ. ಅದನ್ನ ಹಿಡಿಯೋ ಗ್ರಾಹಕ, ಅಂದ್ರ ರಿಸೆಪ್ಟರ್, ಮಂದ ಆಗಿದ್ದರ, ಈ ಔಷಧ ಎಬ್ಬಸ್ತದೋ ಇಲ್ಲೋ ಅಂತ ನೋಡಾಕತ್ತೇವಿ. ಯಾರ ಡಬ್ಯಾಗ ಖರೇ ಔಷಧ, ಯಾರ ಡಬ್ಯಾಗ ಹುಸಿ ಗುಳಿಗಿ, ನಮಗೂ ಗೊತ್ತಿರಂಗಿಲ್ಲ. ಮುಂಜಾನಿ ಒಂದು, ರಾತ್ರಿ ಒಂದು. ನುಂಗಿದ ಮ್ಯಾಲೆ ಹಾಳ್ಯಾಗ ಗುರುತು ಹಾಕ್ರಿ."

ಮಕ್ತುಮಬಿ ಎಲ್ಲ ಕೇಳಿ ಒಪ್ಪಿಗೆಪತ್ರಕ್ಕೆ ತಾನೇ ಸಹಿ ಮಾಡಿದಳು.

ಅಷ್ಟರಲ್ಲಿ ರಮಜಾನ್ ಬಂತು. ಚಂದ್ರ ಕಂಡ ಸಂಜೆಯೇ ನೆರೆಮನೆಯ ನೂರಜಹಾನ ಅಂಗಡಿಯ ಮುಂದೆ ನಿಂತು, "ಏನ್ ಗೈಬುಭಾಯಿ, ಈ ವರ್ಷಾನೂ ನಿಮ್ಮ ತಂಗೀಗೆ ರೋಜಾ ಇಲ್ಲೇನು? ನೋಡಾಕ ನನಗಿಂತ ಗಟ್ಟಿ ಅದಾಳ!" ಎಂದು ನಕ್ಕಳು.

ರೋಗಿಗೆ ಉಪವಾಸದ ಕಟ್ಟಳೆಯಿಲ್ಲವೆಂಬುದು ಗೈಬುಸಾಬನಿಗೆ ತಿಳಿಯದ್ದಲ್ಲ. ಆದರೆ ರೋಗವೆಂದರೆ ಯಾವ ರೋಗವೆಂದು ಹೇಳಬೇಕಲ್ಲ! "ಯಾಕಿಲ್ಲವಾ? ಹಿಡೀತಾಳ," ಎಂದುಬಿಟ್ಟ. ಮರುದಿನದಿಂದ ಮುಂಜಾನೆಯ ಗುಳಿಗೆ ಅಂಗಡಿಯ ಹಿಂದಿನ ಗಟಾರಕ್ಕೆ ಬಿತ್ತು. ಹಾಳೆಯ ಮೇಲೆ ಗುರುತೂ ಬಿತ್ತು. ಸಂಜೆ ಉಪವಾಸ ಬಿಡುವ ಇಫ್ತಾರದ ಹೊತ್ತಿಗೆ ತಂಗಿ ಹೆಂಗಸರ ಸಾಲಿನಲ್ಲಿ ಕೂತಿರುವುದನ್ನು ಕಂಡು ಅವನಿಗೆ ಹೆಮ್ಮೆಯೂ ಆಯಿತು. ಹೀಗೆ ಮೂವತ್ತು ದಿನ.

ಈದ್ ಮುಗಿಸಿ ಆಸ್ಪತ್ರೆಗೆ ಹೋದಾಗ, ಬೆಂಚಿನ ಮೇಲೆ ಬಿಜ್ಜರಗಿಯ ಸೋನಾಬಾಯಿ ಕೂತಿದ್ದಳು. ಅವಳ ಮಗಳೂ ಅದೇ ಪ್ರಯೋಗದಲ್ಲಿದ್ದಳು.

"ಮೊನ್ನೆ ನಮ್ಮಾಕಿ, 'ಯವ್ವಾ, ಉಂಡಿ ಏನು?' ಅಂದಳ್ರಿ ಅಣ್ಣಾರ. ಐದು ವರ್ಷ ಆಗಿತ್ತು ಆ ಮಾತು ಕೇಳಿ. ಈ ಔಷಧ ಒಂದು ನಿಲ್ಲದಿದ್ದರ ಸಾಕು."

ಒಳಗೆ ಡಾಕ್ಟರ್ ಹಾಳೆ ನೋಡಿ ನಿಟ್ಟುಸಿರುಬಿಟ್ಟರು. "ಒಂದು ದಿನಾನೂ ತಪ್ಪಿಲ್ಲ, ಆದ್ರೂ ಏನೂ ಫರಕ ಇಲ್ಲ. ಹಿಂಗ ಭಾಳ ಮಂದೀದು ಬಂದರ, ಔಷಧ ಉಪಯೋಗಿಲ್ಲಂತ ಕೈ ಬಿಡತಾರ."

ಗೈಬುಸಾಬನಿಗೆ ಹೊರಗೆ ಬೆಂಚಿನ ಮೇಲೆ ಕೂತ ಸೋನಾಬಾಯಿ ಕಣ್ಣಿಗೆ ಕಟ್ಟಿದಳು.

"ಮುಂಜಾನೀವು ತಪ್ಪ್ಯಾವರಿ ಮೇಡಮ್ಮಾರ. ಮೂವತ್ತೂ."

"ಯಾಕ್ರಿ?"

"ರೋಜಾ ಹಿಡದಿದ್ದಳರಿ. ಬ್ಯಾಡಂದರ ಕೇಳಲಿಲ್ಲ. ಆಕೀದ ಹಠ."

ಮಕ್ತುಮಬಿ ತಲೆಯೆತ್ತಿದಳು. "ನಾ ಗುಳಿಗಿ ಕೇಳಿದ್ನಲ್ಲ ಭಾಯಿ? ದಿನಾ ಕೇಳಿದೆ. ಮಂದಿ ನೋಡತಾರ, ಸುಮ್ಮ ಕುಂದರು ಅಂದಿ."

ಅಷ್ಟು ಉದ್ದದ ಮಾತನ್ನು ಅವಳು ಆಡಿ ಎಷ್ಟು ವರ್ಷವಾಗಿತ್ತೋ. ಹಿಗ್ಗಬೇಕಾದ ಅಣ್ಣನಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

ಡಾಕ್ಟರ್ ಬಯ್ಯಲಿಲ್ಲ. "ಒಂದು ಮಾತು ಕೇಳಿದ್ದರ, ನಸಿಕಿನ್ಯಾಗ ಸಹರಿ ಊಟಕ್ಕೊಂದು, ಸಂಜಿಗೆ ಇಫ್ತಾರಕ್ಕೊಂದು ಕೊಡಾಕ ಬರತದೇನಂತ ನೋಡತಿದ್ದಿವಲ್ಲರಿ. ಈಗ ಇದನ್ನ ಮ್ಯಾಲಿನವರಿಗೆ ತಿಳಸಬೇಕು. ಇವರನ್ನ ಇಟಗೋತಾರೋ ಬಿಡತಾರೋ, ನನ್ನ ಕೈಯಾಗಿಲ್ಲ," ಎಂದು ಪೆನ್ನು ಕೊಟ್ಟರು. ಪ್ರತಿಯೊಂದು ಸುಳ್ಳು ಗುರುತಿಗೂ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಬೇಕು.

ಮೊದಲ ಸಾಲಿನಲ್ಲಿ 'ರೋಜಾ' ಎಂದು ಬರೆಯಹೋದವನ ಕೈ ತಡೆಯಿತು. 'ನಾನು ಕೊಡಲಿಲ್ಲ' ಎಂದು ಬರೆದ. ಶಾಲೆಯ ಹುಡುಗನಂತೆ ಅದನ್ನೇ ಮತ್ತೆ ಮತ್ತೆ ಬರೆಯುತ್ತ ಕೆಳಗಿಳಿದ. ಮಕ್ತುಮಬಿ ಬಗ್ಗಿ ನೋಡುತ್ತಿದ್ದಳು. ಕೊನೆಗೆ ಪೆನ್ನು ಕೆಳಗಿಡುವಷ್ಟರಲ್ಲಿ ಹಾಳೆಯ ನಡುವೆ ಬೆರಳಿಟ್ಟಳು.

"ಇಲ್ಲೊಂದು ಬಿಟ್ಟಿ, ನೋಡು."

ಅವನು ತಲೆಯೆತ್ತದೆ ಅದನ್ನೂ ಬರೆದ.