ಕಾಯಿಸಿದ ನೆತ್ತರಿನ ತಟ್ಟೆ

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ನಾನು ಮಂಗಳೂರಿನ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಒಬ್ಬಳೇ ಕೆಲಸ ಮಾಡುತ್ತಿದ್ದೆ. ಪ್ರಯೋಗಾಲಯವೆಂದರೆ ಹಿಂಬದಿಯ ಒಂದು ಕೋಣೆ. ಒಂದು ಸೂಕ್ಷ್ಮದರ್ಶಕ, ಸೀಮೆಎಣ್ಣೆ ದೀಪದಿಂದ ಬೆಚ್ಚಗಿಡುತ್ತಿದ್ದ ತಾಮ್ರದ ಕಾವುಪೆಟ್ಟಿಗೆ, ನಾಲ್ಕಾರು ಬಣ್ಣದ ಬಾಟಲಿಗಳು. ರೋಗಿಗಳ ಕಫ, ಕೀವು, ನೆತ್ತರು ಎಲ್ಲ ಅಲ್ಲಿಗೆ ಬರುತ್ತಿತ್ತು, ಮನುಷ್ಯರು ಬರುತ್ತಿರಲಿಲ್ಲ. ಜವಾನ ಸೀಸೆಗಳನ್ನು ಹೊಸ್ತಿಲ ಹೊರಗಿಟ್ಟು, ಬಾಗಿಲು ತಟ್ಟಿ ಹೋಗಿಬಿಡುತ್ತಿದ್ದ. ಮಧ್ಯಾಹ್ನ ನರ್ಸುಗಳು ಒಟ್ಟಿಗೆ ಊಟಕ್ಕೆ ಕೂರುವಾಗ ನನಗೂ ಜಾಗ ಬಿಡುತ್ತಿದ್ದರು. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಬಿಡುತ್ತಿದ್ದರು.

ನಮ್ಮ ಮನೆ ಕಾವೂರಿನಲ್ಲಿ. ಅಣ್ಣ ಗದ್ದೆ ಮಾಡಿಸುತ್ತಿದ್ದ. ನಾನು ಮದರಾಸಿನಲ್ಲಿ ಆರು ತಿಂಗಳು ಕಲಿತು ಈ ಕೆಲಸಕ್ಕೆ ಸೇರಿದಾಗ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಆದರೆ ಅತ್ತಿಗೆಗೆ ಮಗುವಾದ ಮೇಲೆ ನನ್ನ ಊಟದ ಬಟ್ಟಲು ಬೇರೆಯಾಯಿತು. ಕೈ ತೊಳೆದು ಬಂದು ಮಗುವನ್ನು ಎತ್ತಿಕೊಳ್ಳಲು ಹೋದರೆ ಅತ್ತಿಗೆ, "ಈಗ ಮಲಗಿದ್ದಷ್ಟೆ" ಎನ್ನುತ್ತಿದ್ದಳು. ಮಗು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿರುತ್ತಿತ್ತು. ಅತ್ತಿಗೆಯ ಹೆದರಿಕೆ ತಪ್ಪೆಂದು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ನಾನು ದಿನವೂ ನೋಡುತ್ತಿದ್ದದ್ದು ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ವಾರ ವಾರ ಹೋಗುತ್ತಿದ್ದವಳು ತಿಂಗಳಿಗೊಮ್ಮೆ ಹೋಗತೊಡಗಿದೆ. ಆಸ್ಪತ್ರೆಯ ಹತ್ತಿರವೇ ಒಂದು ಬಾಡಿಗೆ ಕೋಣೆಯಲ್ಲಿದ್ದೆ.

ಮಳೆಗಾಲ ಮುಗಿದ ಹೊಸತರಲ್ಲಿ ಒಂದು ಬೆಳಿಗ್ಗೆ ಡಾಕ್ಟರು ತಾವೇ ಒಂದು ಗಾಜಿನ ನಳಿಗೆ ಹಿಡಿದುಕೊಂಡು ಬಂದರು. ವಯಸ್ಸಾದವರು, ಮಾತು ಕಡಿಮೆ. ಕೂಳೂರಿನ ಬ್ಯಾರಿ ಮುಸ್ಲಿಂ ಮನೆತನದ ಎರಡು ವರ್ಷದ ಹೆಣ್ಣುಮಗು ಜ್ವರದಲ್ಲಿ ಬಂದಿತ್ತು, ಕುತ್ತಿಗೆ ಬಗ್ಗುತ್ತಿರಲಿಲ್ಲ. ಅದರ ಬೆನ್ನುಹುರಿಯಿಂದ ತೆಗೆದ ನೀರು ಆ ನಳಿಗೆಯಲ್ಲಿತ್ತು. ತಿಳಿಯಾಗಿರಬೇಕಾದ ನೀರು ಗಂಜಿತೆಳಿಯ ಹಾಗೆ ಬೆಳ್ಳಗಿತ್ತು.

ನಾನು ಸ್ಲೈಡಿನ ಮೇಲೆ ಒಂದು ಹನಿ ಸವರಿ, ರೋಗಾಣು ಗುರುತಿಸಲು ಗ್ರಾಮ್ ಎಂಬ ಬಣ್ಣಗಟ್ಟುವ ಕ್ರಮ ಮಾಡಿದೆ. ಮೊದಲು ನೇರಳೆ, ಮೇಲೆ ಅಯೋಡಿನ್, ಆಮೇಲೆ ಸ್ಪಿರಿಟಿನಲ್ಲಿ ತೊಳೆಯುವುದು, ಕೊನೆಗೆ ಕೆಂಪು. ಕೆಲವು ರೋಗಾಣುಗಳು ನೇರಳೆಯನ್ನು ಬಿಡುವುದಿಲ್ಲ. ಕೆಲವು ಬಿಟ್ಟುಕೊಟ್ಟು ಕೆಂಪಾಗುತ್ತವೆ. ಇವು ಕೆಂಪಾಗಿದ್ದವು. ಕೀವಿನ ಕಣಗಳ ನಡುವೆ ಕಂಡೂ ಕಾಣದಷ್ಟು ಸಣ್ಣ ಕಡ್ಡಿಗಳು. ಅಲ್ಲಲ್ಲಿ ಒಂದೆರಡು ಉದ್ದಕ್ಕೆ ನೂಲಿನಂತೆ ಬೆಳೆದಿದ್ದವು.

"ಸಾರ್, ಜೋಡಿ ಕಾಳಿನ ಹಾಗೆ ಇಲ್ಲ. ಕಡ್ಡಿ. ತುಂಬ ಸಣ್ಣದು" ಎಂದೆ. ಮಿದುಳು ಜ್ವರದಲ್ಲಿ ಅವರು ನಿರೀಕ್ಷಿಸಿದ್ದು ಜೋಡಿ ಕಾಳಿನ ರೋಗಾಣುವನ್ನು.

ಅವರು ಬಗ್ಗಿ ನೋಡಿದರು. "ಬಣ್ಣ ಸರಿ ಕೂತಿಲ್ಲವೋ ಎಂತದೋ. ಬೆಳೆಸಿ ನೋಡು ಮಾರಾಯ್ತಿ" ಎಂದು, ಮಗುವಿಗೆ ಸಲ್ಫಾ ಮಾತ್ರೆ, ನಮ್ಮಲ್ಲಿದ್ದ ಒಂದೇ ಮದ್ದು, ಅರೆದು ಕೊಡಿಸಲು ಹೋದರು.

ಬೆಳೆಸುವುದಕ್ಕೆ ಅಗರ್ ಬೇಕು. ಅದು ರೋಗಾಣು ಬೆಳೆಸಲು ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸುವ, ಜಪಾನಿನಿಂದ ಬರುತ್ತಿದ್ದ ಸಮುದ್ರಪಾಚಿಯ ಅಂಟು. ಯುದ್ಧದಿಂದಾಗಿ ಬರುವುದು ನಿಂತಿತ್ತು. ಉಳಿದದ್ದನ್ನು ನಾನು ಚಿಟಿಕೆ ಲೆಕ್ಕದಲ್ಲಿ ಬಳಸುತ್ತಿದ್ದೆ. ಹಾಗಾಗಿ ಮೊದಲ ದಿನ ಇದ್ದ, ನೆತ್ತರು ಬೆರೆಸದ ಸಾದಾ ತಟ್ಟೆಯ ಮೇಲೆಯೇ ಆ ನೀರನ್ನು ತಂತಿಯಿಂದ ಗೆರೆಗೆರೆಯಾಗಿ ಎಳೆದು ಕಾವುಪೆಟ್ಟಿಗೆಯಲ್ಲಿಟ್ಟೆ. ಮರುದಿನ ತಟ್ಟೆ ಖಾಲಿ. ಒಂದು ಚುಕ್ಕೆಯೂ ಇರಲಿಲ್ಲ. ಸ್ಲೈಡಿನಲ್ಲಿ ಅಷ್ಟೊಂದು ಕಂಡದ್ದು ತಟ್ಟೆಯಲ್ಲಿ ಇಲ್ಲವೆಂದರೆ, ಅದಕ್ಕೆ ನಾನು ಕೊಟ್ಟ ಊಟ ಸಾಲಲಿಲ್ಲವೆಂದೇ ಅರ್ಥ.

ಮದರಾಸಿನಲ್ಲಿ ಇಂಥವುಗಳ ಬಗ್ಗೆ ಒಂದು ಮಧ್ಯಾಹ್ನ ಪಾಠ ಮಾಡಿದ್ದರು. ಇವು ನಾಜೂಕಿನವು, ನೆತ್ತರಿಲ್ಲದೆ ಬೆಳೆಯುವುದಿಲ್ಲ, ಹಸಿ ನೆತ್ತರಿಗಿಂತ ಕಾಯಿಸಿದ ನೆತ್ತರು ಇವಕ್ಕೆ ಒಗ್ಗುತ್ತದೆ ಎಂದು. ಕುರಿಯ ನೆತ್ತರು ತರಲು ಜವಾನ ಒಪ್ಪಲಿಲ್ಲ. ನಾನು ಕಂಪೌಂಡರರ ಎದುರು ತೋಳು ಚಾಚಿ ಕೂತು, "ಐದು ಸಿಸಿ ತೆಗೆಯಿರಿ" ಎಂದೆ. ಅವರು ತೆಗೆದರು, ಎಂತಕ್ಕೆ ಎಂದು ಕೇಳಲಿಲ್ಲ. ಅದನ್ನು ಬಿಸಿ ಅಗರಿಗೆ ಬೆರೆಸಿದಾಗ ಕೆಂಪು ಹೋಗಿ ಬೆಲ್ಲದ ಪಾಕದ ಬಣ್ಣ ಬಂತು. ಡಾಕ್ಟರು ಅಂದು ಮತ್ತೊಮ್ಮೆ ತೆಗೆದ ನೀರನ್ನು ಅದರ ಮೇಲೆ ಎಳೆದೆ. ಒಂದು ಡಬ್ಬಿಯೊಳಗೆ ತಟ್ಟೆಯನ್ನೂ ಉರಿಯುವ ಮೇಣದಬತ್ತಿಯ ತುಂಡನ್ನೂ ಇಟ್ಟು ಮುಚ್ಚಳ ಬಿಗಿದೆ. ಬತ್ತಿ ತಾನಾಗಿ ಆರುವಷ್ಟರಲ್ಲಿ ಒಳಗಿನ ಗಾಳಿ ಅವುಗಳಿಗೆ ಹಿತವಾಗಿರುತ್ತದೆ.

ಮೂರನೆಯ ದಿನ ಬೆಳಿಗ್ಗೆ ತಟ್ಟೆಯ ತುಂಬ ಇಬ್ಬನಿಯಂಥ ಹನಿಗಳು ಕೂತಿದ್ದವು. ಮುಚ್ಚಳ ತೆರೆದಾಗ ಇಲಿಯ ಗೂಡಿನಂಥ ಸಣ್ಣ ವಾಸನೆ. ಪಾಠದಲ್ಲಿ ಈ ವಾಸನೆಯನ್ನೂ ಹೇಳಿದ್ದರು. ನಾನು ತಟ್ಟೆ ಹಿಡಿದುಕೊಂಡು ವಾರ್ಡಿಗೆ ಓಡಿದೆ. ಮಗುವಿನ ಮಂಚದ ಮೇಲೆ ಚಾಪೆ ಸುತ್ತಿಟ್ಟಿತ್ತು. ಬೆಳಗಾಗುವ ಮೊದಲೇ ಜೀವ ಹೋಗಿತ್ತಂತೆ. ಮನೆಯವರು ಗಾಡಿಯಲ್ಲಿ ಒಯ್ದಾಗಿತ್ತು. ಡಾಕ್ಟರು ವರಾಂಡದಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದರು.

"ಸಾರ್, ಬಂದಿದೆ. ಇನ್‌ಫ್ಲುಯೆಂಜಾ ಬ್ಯಾಸಿಲಸ್ ಅಂತ ಕಾಣ್ತದೆ." ಹೆಸರು ಫ್ಲೂ ಜ್ವರದ್ದಾದರೂ ಇದು ಬೇರೆಯೇ ರೋಗಾಣು, ಸಣ್ಣ ಮಕ್ಕಳ ಮಿದುಳಿಗೆ ಹತ್ತುವಂಥದು.

"ನಿನ್ನೆಯೇ ಬಂದಿದ್ದರೂ ನಾನು ಅದೇ ಮಾತ್ರೆ ಕೊಡ್ತಿದ್ದೆ" ಎಂದರು. ನನ್ನ ಸಮಾಧಾನಕ್ಕೆ ಹೇಳಿದರೆಂದು ಗೊತ್ತಾಯಿತು. ಅದು ನಿಜವೆಂದೂ ಗೊತ್ತಿತ್ತು. ಆದರೂ ಖಾಲಿಯಾಗಿ ಹೋದ ಆ ಒಂದು ದಿನ ನನ್ನ ಮನಸ್ಸಿನಿಂದ ಹೋಗಲಿಲ್ಲ.

ಕೆಲಸ ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. ಹಸಿ ನೆತ್ತರಿನ ತಟ್ಟೆಯೊಂದನ್ನು ಮಾಡಿ ಇದನ್ನು ಹರಡಿ, ನಡುವೆ ಕುರುವಿನ ಕೀವಿನಲ್ಲಿ ಸಿಗುವ ಸಾಮಾನ್ಯ ರೋಗಾಣುವಿನ ಒಂದು ಗೆರೆ ಎಳೆದೆ. ಮರುದಿನ ಆ ಗೆರೆಯ ಅಕ್ಕಪಕ್ಕ ಮಾತ್ರ ದಪ್ಪ ಹನಿಗಳು ಬೆಳೆದಿದ್ದವು. ದೂರ ಹೋದಂತೆ ಏನೂ ಇರಲಿಲ್ಲ. ಆ ಗೆರೆ ಬಿಟ್ಟುಕೊಡುವ ಊಟದ ಆಸರೆಯಲ್ಲಿ ಮಾತ್ರ ಹೀಗೆ ಬೆಳೆಯುವುದು ಇನ್‌ಫ್ಲುಯೆಂಜಾ ಬ್ಯಾಸಿಲಸ್ಸೇ, ಸಂಶಯ ಉಳಿಯಲಿಲ್ಲ. ಅದನ್ನು ತೋರಿಸಲು ಯಾರಾದರೂ ಇದ್ದಾರೆಯೇ ಎಂದು ತಲೆಯೆತ್ತಿದೆ. ಕೋಣೆಯಲ್ಲಿ ಗಡಿಯಾರವೊಂದೇ ಸದ್ದು ಮಾಡುತ್ತಿತ್ತು. ಡಾಕ್ಟರ ಸಹಿ ಪಡೆದು, ಬೆಳೆದದ್ದನ್ನು ಒಂದು ನಳಿಗೆಗೆ ಹಾಕಿ ಖಚಿತಪಡಿಸುವುದಕ್ಕಾಗಿ ಮದರಾಸಿಗೆ ರೈಲಿನ ಅಂಚೆಯಲ್ಲಿ ಕಳುಹಿಸಿದೆ. ಉತ್ತರ ಬರುವವರೆಗೆ ದಿನ ಬಿಟ್ಟು ದಿನ ಹೊಸ ತಟ್ಟೆಗೆ ದಾಟಿಸಿ ಅದನ್ನು ಉಳಿಸಿಕೊಂಡೆ. ಇಲ್ಲದಿದ್ದರೆ ಅದು ಬೇಗನೆ ಸಾಯುತ್ತದೆ.

ಒಂದು ವಾರದ ಮೇಲೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ಬಿಳಿ ಮುಂಡು, ತಲೆಗೆ ವಸ್ತ್ರ ಸುತ್ತಿದ ಮೂವತ್ತರ ಆಸುಪಾಸಿನವರು. ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುತ್ತಿದ್ದ, ಆ ಮಗುವಿನ ತಂದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಮಾತು ತುಳುವಿನಲ್ಲಿ ನಡೆಯಿತು.

"ಅಕ್ಕಾ, ನನ್ನ ಮಗಳ ಬೆನ್ನಿನಿಂದ ತೆಗೆದ ನೀರು ಇಲ್ಲಿಗೆ ಬಂದದ್ದಂತೆ. ಅದರಲ್ಲಿ ಎಂತ ಇತ್ತು?"

ನಾನು ಹೇಳಿದೆ. ಸ್ಲೈಡ್ ಇಟ್ಟು ತೋರಿಸಿದೆ. ಒಂದು ಕಣ್ಣು ಮುಚ್ಚಲು ಬಾರದೆ ಅವರು ಅಂಗೈಯಿಂದ ಮುಚ್ಚಿಕೊಂಡು ತುಂಬ ಹೊತ್ತು ನೋಡಿದರು.

"ಇದು ಸತ್ತದ್ದು. ಜೀವದಲ್ಲಿ ಇರುವುದು ಉಂಟಾ?"

"ಉಂಟು" ಎಂದು ಕಾವುಪೆಟ್ಟಿಗೆ ತೋರಿಸಿದೆ.

"ಅದನ್ನು ಯಾಕೆ ಸಾಕುವುದು?"

"ಮದರಾಸಿನಿಂದ ಉತ್ತರ ಬರ್ಲಿಕ್ಕೆ ಉಂಟು. ಬರುವವರೆಗೆ."

ಅವರು ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ. ಗೋಡೆಗೆ ಒರಗಿ ನಿಂತು, ಬಂದ ಕಾರಣ ಹೇಳಿದರು. ಮಗುವನ್ನು ಎತ್ತಿಕೊಂಡು ಹೆಂಡತಿ ದೋಣಿಯಲ್ಲಿ ಹೊಳೆ ದಾಟಿ ತವರಿಗೆ ಹೋಗಿದ್ದಳು. ವಾಪಸು ಬಂದ ಮೂರನೆಯ ದಿನ ಜ್ವರ. ಹೊಳೆಯ ಗಾಳಿ ತಾಗಿಸಿ ಮಗುವನ್ನು ಕೊಂದಳೆಂದು ತಮ್ಮ ತಾಯಿ ಹೇಳುತ್ತಿದ್ದಾರೆ. ಹೆಂಡತಿ ಊಟ ಬಿಟ್ಟಿದ್ದಾಳೆ. "ಡಾಕ್ಟ್ರು ಗಂಡಸರು, ಒಳಗೆ ಬರ್ಲಿಕ್ಕೆ ಆಗುವುದಿಲ್ಲ. ನೀವು ಒಮ್ಮೆ ಬಂದು ಹೇಳ್ತೀರಾ?"

ನನ್ನ ಕೆಲಸದ ಹೆಸರಲ್ಲಿ ಯಾರೂ ನನ್ನನ್ನು ಮನೆಗೆ ಕರೆದಿರಲಿಲ್ಲ. ಭಾನುವಾರ ಅವರು ಕಳುಹಿಸಿದ ಎತ್ತಿನ ಗಾಡಿಯಲ್ಲಿ ಕೂಳೂರಿಗೆ ಹೋದೆ.

ಒಳಕೋಣೆಯ ಚಾಪೆಯ ಮೇಲೆ ಮಗುವಿನ ತಾಯಿ ಕೂತಿದ್ದಳು. ಇಪ್ಪತ್ತು ದಾಟಿರಲಿಲ್ಲ. ಬಾಗಿಲ ಬಳಿ ಆಕೆಯ ಅತ್ತೆ ಅಡಿಕೆ ಕುಟ್ಟುತ್ತಿದ್ದರು. ನಾನು ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡ ಮಾತುಗಳನ್ನು ಹೇಳಿದೆ: ಇದು ಗಾಳಿಯಿಂದ ಬಂದದ್ದಲ್ಲ, ಒಂದು ರೋಗಾಣು, ನಾನು ಕಣ್ಣಾರೆ ನೋಡಿದ್ದೇನೆ.

"ಅದು ಎಲ್ಲಿಂದ ಬಂತು?" ಆಕೆ ಕೇಳಿದಳು.

"ಯಾರದ್ದಾದರೂ ಮೂಗು, ಗಂಟಲಿನಿಂದ. ಅವರಿಗೆ ಎಂತ ತೊಂದರೆಯೂ ಇರುವುದಿಲ್ಲ. ನನ್ನ ಗಂಟಲಿನಲ್ಲಿ ಇರಬಹುದು. ಈ ಮನೆಯ ಯಾರ ಗಂಟಲಿನಲ್ಲೂ ಇರಬಹುದು."

ಅಡಿಕೆ ಕುಟ್ಟುವ ಸದ್ದು ನಿಂತಿತು.

"ನಾನು ತವರಿಗೆ ಹೋಗದಿದ್ದರೆ?"

ಹೋಗದಿದ್ದರೂ ಬರುತ್ತಿತ್ತು ಎನ್ನಬೇಕೆಂದು ಬಂದಿದ್ದೆ. "ಗೊತ್ತಿಲ್ಲ. ಯಾರಿಗೂ ಗೊತ್ತಾಗ್ಲಿಕ್ಕಿಲ್ಲ. ಎತ್ತಿಕೊಂಡು ಮುದ್ದು ಮಾಡಿದವರಿಂದ ಬರುವುದು ಇದು. ಮುದ್ದು ಮಾಡಿದ್ದು ತಪ್ಪಲ್ಲ" ಎಂದೆ.

ಆಕೆ ಆಗ ಅತ್ತಳು. ನಾನು ಕೈ ಚಾಚಲು ಹಿಂಜರಿದೆ, ಅಭ್ಯಾಸ. ಆಕೆಯೇ ನನ್ನ ಕೈ ಹಿಡಿದು ಮುಖಕ್ಕೆ ಒತ್ತಿಕೊಂಡಳು. ಹೊರಡುವ ಮೊದಲು ಅತ್ತೆ ಮನೆಯವರದೇ ಬಟ್ಟಲಿನಲ್ಲಿ ನನಗೆ ಚಹಾ ಕೊಟ್ಟರು. ಆ ದಿನ ಗಾಡಿಯಲ್ಲಿ ಒಬ್ಬಳೇ ಮರಳುವಾಗ ನನಗೆ ಎಂದಿಗಿಂತ ಹೆಚ್ಚು ಒಂಟಿಯೆನಿಸಿತು. ಹಾಗೇಕೆಂದು ಇವತ್ತಿಗೂ ಸರಿಯಾಗಿ ಹೇಳಲಾರೆ.

ಮದರಾಸಿನ ಉತ್ತರ ಒಂದು ಸಾಲಿನದಾಗಿತ್ತು: ಕಳುಹಿಸಿದ್ದು ದಾರಿಯಲ್ಲೇ ಸತ್ತಿದೆ, ಏನೂ ಹೇಳಲಾಗದು. ಡಾಕ್ಟರು ಕಾಗದ ಓದಿ, "ರಿಜಿಸ್ಟರಿನಲ್ಲಿ ಹೆಸರು ಬರೆ. ನಾನೂ ನೋಡಿದ್ದೇನಲ್ಲ" ಎಂದರು. ಬರೆದೆ. ಉಳಿದ ತಟ್ಟೆಗಳನ್ನು ಕುದಿಸಿದೆ. ಇನ್ನೊಮ್ಮೆ ಕಳುಹಿಸಿ, ಉತ್ತರದವರೆಗೆ ಅದನ್ನು ಸಾಕುವಷ್ಟು ಅಗರ್ ಇರಲಿಲ್ಲ. ಆಮೇಲೆ ಯಾವ ಮಗುವಿನ ಬೆನ್ನಿನ ನೀರು ಬಂದರೂ ಮೊದಲ ದಿನವೇ ಕಾಯಿಸಿದ ನೆತ್ತರಿನ ತಟ್ಟೆ ಹಾಕುತ್ತಿದ್ದೆ. ಸಾದಾ ತಟ್ಟೆಗೆ ಅಗರ್ ಉಳಿಯದಿದ್ದರೆ ಅದನ್ನು ಬಿಟ್ಟುಬಿಡುತ್ತಿದ್ದೆ.

ಮಗುವಿನ ತಂದೆ ಮುಂದಿನ ವರ್ಷ ಬಂದರಿನ ರಸ್ತೆಯಲ್ಲಿ ಸಿಕ್ಕಿದರು. ಹೆಂಡತಿ ಊಟ ಮಾಡುತ್ತಾಳೆ, ತಾಯಿ ಈಗ ಆ ಮಾತು ಎತ್ತುವುದಿಲ್ಲ ಎಂದರು.

"ತವರಿಗೆ ಹೋಗ್ತಾರಾ?" ಎಂದು ಕೇಳಿದೆ.

"ಇಲ್ಲ ಅಕ್ಕಾ. ನಾವೆಲ್ಲ ಹೇಳಿ ಆಯ್ತು. ಅವಳಿಗೆ ದೋಣಿ ಹತ್ತಲಿಕ್ಕೆ ಆಗುವುದಿಲ್ಲ. ಅವಳ ತಾಯಿಯೇ ಈಚೆ ಬಂದು ಹೋಗ್ತಾರೆ."